ಅಕ್ಕನ ನಂಬರು

ಬೆಳ್ತಂಗಡಿ ಬಸ್ ಸ್ಟ್ಯಾಂಡಿನ ಹತ್ತಿರ, ಒಂದು ಕಟ್ಟಡದ ಮೇಲ್ಮಹಡಿಯಲ್ಲಿ ನನ್ನ ಅಂಗಡಿ ಇದೆ. ಆನ್‌ಲೈನ್ ಅರ್ಜಿ, ಟೈಪಿಂಗ್, ಜೆರಾಕ್ಸ್ ಎಂದು ಹೊರಗೆ ಬೋರ್ಡು. ತವರು ಮೂಡುಬಿದಿರೆಯಲ್ಲಿ ಬಸದಿಗೆ ಹೋಗುವ ದಾರಿಯ ಒಂದು ಟೈಪಿಂಗ್ ಕ್ಲಾಸಿನಲ್ಲಿ ಬೆರಳು ಪಳಗಿಸಿಕೊಂಡವಳು ನಾನು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಆ ಒಂದೇ ವಿದ್ಯೆ ಕೈಹಿಡಿಯಿತು. ‘ಮಾನ್ಯರೇ’ ಎಂದು ಶುರುವಾಗಿ ‘ತಮ್ಮ ವಿಶ್ವಾಸಿ’ ಎಂದು ಮುಗಿಯುವ ಕಾಗದಗಳನ್ನು ಎಷ್ಟು ಬರೆದಿದ್ದೇನೆಂದರೆ, ಗಂಡನ ಮೇಲೆ ಸಿಟ್ಟು ಬಂದರೂ ತಲೆಯಲ್ಲಿ ಮೊದಲು ‘ವಿಷಯ’, ಆಮೇಲೆ ‘ಉಲ್ಲೇಖ’ ಮೂಡುತ್ತದೆ. ಸಿಟ್ಟು ನನಗೆ ಬೇಗ ಬರುತ್ತದೆ. ಅದನ್ನು ನಾನು ದೋಷವೆಂದು ತಿಳಿದಿಲ್ಲ. ಸರಕಾರಿ ಕಚೇರಿಯ ಮೆಟ್ಟಿಲು ಹತ್ತುವವರಿಗೆ ಸ್ವಲ್ಪ ಸಿಟ್ಟು ಬೇಕೇ ಬೇಕು.

ಅರ್ಜಿಗಳೆಲ್ಲ ಆನ್‌ಲೈನ್ ಆದಾಗ ಪ್ರತಿಯೊಂದಕ್ಕೂ ಮೊಬೈಲ್ ನಂಬರ್ ಕೇಳತೊಡಗಿದರು. ಆ ನಂಬರಿಗೆ ಒಟಿಪಿ ಬರಬೇಕು, ಅದನ್ನು ಒತ್ತಿದರೆ ಮಾತ್ರ ಬಾಗಿಲು ತೆರೆಯುತ್ತದೆ. ಆದರೆ ಕಕ್ಕಿಂಜೆ, ಚಾರ್ಮಾಡಿ ಕಡೆಯಿಂದ ಬರುವ ಎಷ್ಟೋ ಜನರ ಮನೆಯೊಳಗೆ ರೇಂಜ್ ಇಲ್ಲ. ಗಂಡಸರ ನಂಬರು ಗಲ್ಫಿನದ್ದು. ಕೆಲವರು ಆಫರ್ ಸಿಕ್ಕಿದ ಹಾಗೆ ಸಿಮ್ ಬದಲಾಯಿಸುವವರು. ಇನ್ನು ಹೆಣ್ಣುಮಕ್ಕಳ ನಂಬರನ್ನು ಫಾರ್ಮಿನಲ್ಲಿ ಬರೆಯುವುದೆಂದರೆ ತಾಯಂದಿರಿಗೆ ಪುಕುಪುಕು, ಯಾರು ನೋಡುತ್ತಾರೋ, ಯಾರು ಫೋನ್ ಮಾಡುತ್ತಾರೋ ಎಂದು. ಹಾಗಾಗಿ ಒಂದು ರೂಢಿ ತಾನಾಗಿಯೇ ಬೆಳೆಯಿತು. ನಂಬರಿನ ಕಾಲಂ ಬಂದ ಕೂಡಲೇ ಎದುರು ಕುಳಿತವರು ಹೇಳುವುದು ಒಂದೇ ಮಾತು: “ಅಕ್ಕನದ್ದೇ ಹಾಕಿ.”

ನಾನು ಹಾಕುತ್ತಿದ್ದೆ. ನನ್ನ ನಂಬರು ಶುರುವಿನಿಂದಲೂ ಒಂದೇ, ಒಮ್ಮೆಯೂ ಬದಲಾಗಿಲ್ಲ. ರೇಷನ್ ಕಾರ್ಡಿನಿಂದ ಸ್ಕಾಲರ್‌ಶಿಪ್‌ವರೆಗೆ ಅರ್ಧ ಊರಿನ ಒಟಿಪಿ ನನ್ನ ಮೊಬೈಲಿಗೆ ಬರುತ್ತಿತ್ತು. ಅನ್ನ ಕಲಸುವಾಗ, ಜಪಕ್ಕೆ ಕುಳಿತಾಗ, ಸ್ನಾನಕ್ಕೆ ಹೋದಾಗ ಟಣ್ ಎನ್ನುತ್ತಿತ್ತು. ಗೊಣಗುತ್ತಿದ್ದೆ ನಿಜ. ಒಳಗೊಳಗೆ ಬೀಗುತ್ತಿದ್ದೆ ಕೂಡ. ಇಷ್ಟು ಜನ ನಂಬಿ ಕೊಟ್ಟ ಬೀಗದ ಕೈ ನನ್ನ ಸೊಂಟದಲ್ಲಿದೆ ಎಂಬ ಜಂಬ ನನಗಿತ್ತು. ಕಚೇರಿಗೆ ಹೋಗುವಾಗ ಮಾತ್ರ ಮೊಬೈಲನ್ನು ಅಂಗಡಿಯ ಡ್ರಾಯರಿನಲ್ಲಿ ಬಿಟ್ಟು ಹೋಗುವುದು ಅಭ್ಯಾಸ. ಒಬ್ಬ ಅಧಿಕಾರಿಯ ಎದುರು ನಿಂತು ವಾದ ಮಾಡುವಾಗ ಅದು ಐದು ಸಲ ಟಣ್ ಎಂದರೆ ವಾದದ ಕಾವು ಇಳಿದುಹೋಗುತ್ತದೆ.

ಆ ಹುಡುಗಿ ಕಕ್ಕಿಂಜೆಯವಳು, ಬ್ಯಾರಿ ಮುಸ್ಲಿಮರ ಮನೆಯವಳು. ತಂದೆ ದುಬೈಯಲ್ಲಿ ಒಂದು ಕೆಫೆಟೇರಿಯದಲ್ಲಿ ಕೆಲಸಕ್ಕಿದ್ದರು, ತಾಯಿ ಮನೆಯಲ್ಲಿ ಬೀಡಿ ಕಟ್ಟುತ್ತಿದ್ದರು. ಉಜಿರೆಯಲ್ಲಿ ಪಿಯುಸಿ ಮುಗಿಸಿ ನರ್ಸಿಂಗ್ ಓದಬೇಕೆಂದು ಹೊರಟವಳು, ಅದರ ಅರ್ಜಿಯ ಮೊದಲ ಪುಟವನ್ನು ನನ್ನ ಅಂಗಡಿಯಲ್ಲೇ ತುಂಬಿಸಿಕೊಂಡು ಹೋಗಿದ್ದಳು. ಒಳ್ಳೆಯ ರ‍್ಯಾಂಕ್ ಬಂದಿತ್ತು. ಇನ್ನು ಯಾವ ಯಾವ ಕಾಲೇಜು ಬೇಕು ಎಂಬುದನ್ನು ಒಂದರ ಕೆಳಗೊಂದು ಆನ್‌ಲೈನ್‌ನಲ್ಲಿ ತುಂಬಿಸಿ ಖಚಿತಪಡಿಸಬೇಕು. ಅಷ್ಟು ಮಾಡದಿದ್ದರೆ ರ‍್ಯಾಂಕ್ ಇದ್ದೂ ಆ ವರ್ಷ ಸೀಟಿಲ್ಲ. ಕೊನೆಯ ದಿನದ ಹಿಂದಿನ ದಿನ ಮಧ್ಯಾಹ್ನ ತಾಯಿ ಮಗಳು ಇಬ್ಬರೂ ಅಂಗಡಿಗೆ ಬಂದರು. ಸೈಟ್ ಆಮೆಯ ಹಾಗೆ ತೆವಳುತ್ತಿತ್ತು, ಮೆಟ್ಟಿಲವರೆಗೆ ಜನ ನಿಂತಿದ್ದರು.

“ನಾಳೆ ಬೆಳಿಗ್ಗೆ ಬಾ ಮಗಳೇ. ಸಂಜೆ ಐದರವರೆಗೆ ಟೈಮ್ ಉಂಟು. ಮೊದಲು ನಿನ್ನದೇ ಮಾಡುವ,” ಎಂದೆ.

“ನಾಳೆ ಆಗ್ತದಲ್ಲ ಅಕ್ಕ?” ಎಂದು ತಾಯಿ ಎರಡು ಸಲ ಕೇಳಿದರು.

“ಆಗದೆ ಎಂತ? ನಾನಿಲ್ವಾ?” ಎಂದೆ. ನನ್ನ ಮಾತಿನ ಮೇಲೆ ಅವರು ಬಸ್ಸು ಹತ್ತಿದರು.

ಆ ಸಂಜೆಯೇ ಜಿಲ್ಲೆಯಲ್ಲಿ ಇಂಟರ್ನೆಟ್ ನಿಂತಿತು, ಫೋನು ಮತ್ತು ಎಸ್ಸೆಮ್ಮೆಸ್ಸು ಮಾತ್ರ ಉಳಿದವು. ಕರಾವಳಿಯಲ್ಲಿ ಎಲ್ಲೋ ಗಲಾಟೆ ಎಂದರು. ಬಂಟ್ವಾಳದ ಕಡೆ ಎಂದು ಒಬ್ಬರು, ಅಲ್ಲ ಅದಕ್ಕಿಂತ ಆಚೆ ಎಂದು ಇನ್ನೊಬ್ಬರು. ಐದು ಜನ ಒಟ್ಟಿಗೆ ನಿಲ್ಲಬಾರದು ಎಂಬ ಆದೇಶವೂ ಜೊತೆಗೆ ಬಂತು. ವದಂತಿ ಹರಡದಿರಲಿ ಎಂದು ನೆಟ್ ನಿಲ್ಲಿಸಿದ್ದಂತೆ. ವದಂತಿಗೇನು, ಅದು ಬಸ್ಸು ಹತ್ತಿತು. ಬೆಳಗಿನ ಹೊತ್ತಿಗೆ ಬಂಟ್ವಾಳದಲ್ಲಿ ಒಂದು ಕಲ್ಲು ಬಿದ್ದದ್ದು ಬೆಳ್ತಂಗಡಿಗೆ ಬರುವಾಗ ಹತ್ತು ಅಂಗಡಿಗೆ ಬೆಂಕಿ ಆಗಿತ್ತು. ನೆಟ್ ಇದ್ದಿದ್ದರೆ ಬಂಟ್ವಾಳದಲ್ಲಿರುವ ಯಾರಾದರೂ ತಮ್ಮ ಬಾಗಿಲಿನ ಫೋಟೋ ತೆಗೆದು ಕಳಿಸಿ ಸುಳ್ಳನ್ನು ಅಲ್ಲಿಗೇ ಮುಗಿಸುತ್ತಿದ್ದರು. ಈಗ ಸುಳ್ಳನ್ನು ತಡೆಯುವುದಕ್ಕೆ ಎದುರು ಯಾರೂ ಇರಲಿಲ್ಲ. ಈ ಅಭಿಪ್ರಾಯವನ್ನು ನಾನು ಅಂದೂ ಬಿಟ್ಟುಕೊಟ್ಟಿರಲಿಲ್ಲ, ಇಂದೂ ಬಿಟ್ಟುಕೊಟ್ಟಿಲ್ಲ.

ಮಾರನೆಯ ದಿನ ಅಂಗಡಿ ತೆರೆಯುವ ಮೊದಲೇ ಹುಡುಗಿ ಮೆಟ್ಟಿಲ ಮೇಲೆ ಕುಳಿತಿದ್ದಳು. ತಾಯಿ ಬಂದಿರಲಿಲ್ಲ. ಗಲಾಟೆ ಎಂಬ ಸುದ್ದಿ ಕೇಳಿ ಅವರಿಗೆ ಹೆದರಿಕೆ. ಆದರೂ ಮಗಳನ್ನು ಕಳಿಸಿದ್ದರು. ನಾನು ಕಂಪ್ಯೂಟರ್ ಹಾಕಿದೆ, ಆಫ್ ಮಾಡಿದೆ, ಮತ್ತೆ ಹಾಕಿದೆ. ಮೋಡೆಮಿನ ದೀಪ ಕೆಂಪಾಗಿಯೇ ಉಳಿಯಿತು. ಸಹಾಯವಾಣಿಗೆ ಫೋನ್ ಮಾಡಿದರೆ ‘ನಿಮ್ಮ ಕರೆ ನಮಗೆ ಮುಖ್ಯ’ ಎಂದು ಒಂದು ಹೆಣ್ಣುದನಿ ಹೇಳುತ್ತಲೇ ಇತ್ತು. ಬೇರೆ ಜಿಲ್ಲೆಗಳಲ್ಲಿ ಎಲ್ಲ ಸರಿಯಾಗಿಯೇ ಇದ್ದುದರಿಂದ ನಮಗಾಗಿ ಕೊನೆಯ ದಿನವನ್ನು ಮುಂದೂಡುವ ಲಕ್ಷಣ ಇರಲಿಲ್ಲ.

“ಅಕ್ಕ, ಘಟ್ಟ ಹತ್ತಿದರೆ ನೆಟ್ ಸಿಗ್ತದಂತೆ. ಕೊಟ್ಟಿಗೆಹಾರ ಬೇರೆ ಜಿಲ್ಲೆಯಲ್ಲವಾ. ಬಸ್ಸಲ್ಲಿ ಹೇಳ್ತಾ ಇದ್ರು,” ಎಂದಳು ಹುಡುಗಿ.

ನನಗೆ ರೇಗಿತು. “ನೆಟ್ಟಿಗೋಸ್ಕರ ಘಟ್ಟ ಹತ್ತುವುದಾ? ನಾವೆಂತ ಕಳ್ಳರಾ, ಗಡಿ ದಾಟಿ ಓಡಲಿಕ್ಕೆ? ಕೇಳುವುದಾದರೆ ಇಲ್ಲೇ ಕೇಳ್ಬೇಕು. ಯಾರು ನಿಲ್ಲಿಸಿದ್ದು, ಎಂತಕ್ಕೆ ನಿಲ್ಲಿಸಿದ್ದು, ಕಾಗದದಲ್ಲಿ ತೋರಿಸಲಿ. ನೀನು ಇಲ್ಲೇ ಕೂತ್ಕೊ, ನಾನು ಕಚೇರಿಗೆ ಹೋಗಿ ಬರ್ತೇನೆ.”

ಅವಳು ಫೈಲನ್ನು ತೊಡೆಯ ಮೇಲೆ ಇಟ್ಟುಕೊಂಡಳು. ನಾನು ಅದನ್ನು ಒಪ್ಪಿಗೆ ಎಂದುಕೊಂಡೆ.

ಕರೆಂಟ್ ಇತ್ತು, ಪ್ರಿಂಟರಿನಲ್ಲಿ ಶಾಯಿ ಇತ್ತು. ಹದಿನೈದು ನಿಮಿಷದಲ್ಲಿ ಅರ್ಜಿ ತಯಾರಾಯಿತು. ವಿಷಯ: ಇಂಟರ್ನೆಟ್ ಸೇವೆ ಸ್ಥಗಿತಗೊಳಿಸಿದ ಆದೇಶದ ಪ್ರತಿ ಕೋರಿ. ನನ್ನ ಜೀವನದಲ್ಲೇ ಅಷ್ಟು ಒಳ್ಳೆಯ ಅರ್ಜಿಯನ್ನು ನಾನು ಬರೆದಿರಲಿಲ್ಲ. ತುರ್ತು ಅಧಿಕಾರ ಸರಕಾರಕ್ಕೆ ಇದ್ದರೆ ಇರಲಿ, ಆದರೆ ಅದನ್ನು ಬಳಸಿದವರು ಕಾರಣವನ್ನು ಬರೆದು ಸಹಿ ಹಾಕಿ ಜನರ ಮುಂದೆ ಇಡಬೇಕು. ಮನೆಯ ಫ್ಯೂಸ್ ತೆಗೆದವರು ಯಾರೆಂದು ಮನೆಯವರಿಗೆ ಗೊತ್ತಿರಬೇಕು. ಒಬ್ಬ ವಿದ್ಯಾರ್ಥಿನಿಯ ಭವಿಷ್ಯ ಇಂದು ಸಂಜೆ ಐದು ಗಂಟೆಗೆ ಮುಚ್ಚಿಹೋಗಲಿದೆ, ಆದ ಕಾರಣ ಅರ್ಜಿ ತುಂಬಿಸಲಿಕ್ಕಾದರೂ ವ್ಯವಸ್ಥೆ ಮಾಡಿಕೊಡಬೇಕು ಎಂದೆಲ್ಲ ಬರೆದೆ. ಎರಡು ಪ್ರತಿ ತೆಗೆದು ಮೊಬೈಲನ್ನು ಡ್ರಾಯರಿಗೆ ಹಾಕಿ, ಡ್ರಾಯರಿಗೆ ಬೀಗ ಜಡಿದು, ಸೆರಗು ಬಿಗಿದುಕೊಂಡು ಹೊರಟೆ.

ಯಾವ ಕಚೇರಿ ಎಂದು ಹೇಳುವುದಿಲ್ಲ. ಅಲ್ಲಿಯ ಗುಮಾಸ್ತರು ನನ್ನನ್ನು ಬಹಳ ವರ್ಷದಿಂದ ಬಲ್ಲವರು. ಅರ್ಜಿಯನ್ನು ಎರಡು ಸಲ ಓದಿದರು.

“ನಿಮಗೆ ಬೇರೆ ಕೆಲಸ ಇಲ್ವಾ ಮಾರಾಯ್ರೆ? ಇದೆಲ್ಲ ಮೇಲಿನಿಂದ ಬರುವುದು.”

“ಮೇಲಿನಿಂದ ಬರುವುದು ಮಳೆ. ಇದು ಆದೇಶ. ಆದೇಶಕ್ಕೆ ನಂಬರ್ ಇರ್ತದೆ, ತಾರೀಕು ಇರ್ತದೆ. ಒಂದು ಪ್ರತಿ ಕೊಡಿ, ಹೋಗ್ತೇನೆ.”

“ಪ್ರತಿ ನಮ್ಮ ಹತ್ತಿರ ಇಲ್ಲಕ್ಕ. ವೆಬ್‌ಸೈಟಲ್ಲಿ ಹಾಕಿದ್ದಾರಂತೆ. ಅದನ್ನೇ ನೋಡಿಕೊಳ್ಳಿ.”

ಹೇಳಿ ಮುಗಿಸುವಷ್ಟರಲ್ಲಿ ಅವರಿಗೇ ನಗು ಬಂತು. ಪಕ್ಕದ ಮೇಜಿನವರು ಫೈಲಿನಲ್ಲಿ ಮುಖ ಮುಚ್ಚಿಕೊಂಡರು. ನಾನು ನಗಲಿಲ್ಲ. ಸಾಹೇಬರನ್ನೇ ಕಾಣುತ್ತೇನೆ ಎಂದು ಬೆಂಚಿನ ಮೇಲೆ ಕುಳಿತೆ. ಸಾಹೇಬರು ಶಾಂತಿ ಸಭೆಯಲ್ಲಿದ್ದರು. ನಾನು ಕುಳಿತೇ ಇದ್ದೆ. ಬಂದುಹೋಗುವವರಿಗೆಲ್ಲ ಅರ್ಜಿ ಓದಿ ಹೇಳಿದೆ, ನನ್ನನ್ನೂ ಸೇರಿಸಿ ಐದು ಜನ ಆದಾಗ ಪೇದೆ ಬಂದು ಐದನೆಯವರನ್ನು ದೂರ ಕಳಿಸಿದ. ಮಧ್ಯಾಹ್ನ ಒಂದು ಗಂಟೆಯಾದ ಮೇಲೆ ಸಾಹೇಬರು ಇಂದು ಬರುವುದಿಲ್ಲವೆಂದು ತಿಳಿಯಿತು. ಆದರೂ ನಾನು ಬರಿಗೈಯಲ್ಲಿ ಎದ್ದವಳಲ್ಲ. ‘ಸ್ವೀಕರಿಸಲಾಗಿದೆ’ ಎಂಬ ಮೊಹರನ್ನು ನನ್ನ ಪ್ರತಿಯ ಮೇಲೆ ಒತ್ತಿಸಿಕೊಂಡೇ ಎದ್ದೆ. ಅದಕ್ಕೆ ಉತ್ತರ ಇವತ್ತಿಗೂ ಬಂದಿಲ್ಲ. ಆದರೆ ಆ ಮೊಹರು ಕಂಡಾಗ ಗೆದ್ದಷ್ಟು ಖುಷಿಯಾಗಿತ್ತು.

ಅಂಗಡಿಗೆ ಬಂದರೆ ಹುಡುಗಿ ಇಲ್ಲ. ಕೆಳಗಿನ ಬೇಕರಿಯವರು, ಅವಳು ಒಂಬತ್ತೂವರೆಯ ಬಸ್ಸಿಗೇ ಘಟ್ಟದ ಕಡೆ ಹೋದಳು ಎಂದರು. ಡ್ರಾಯರು ತೆರೆದೆ. ಗುರುತಿಲ್ಲದ ಒಂದು ನಂಬರಿನಿಂದ ಹನ್ನೊಂದು ಮಿಸ್ಡ್ ಕಾಲ್. ನಡುವೆ ಆರು ಒಟಿಪಿ, ಒಂದೊಂದರ ಆಯುಸ್ಸು ಹತ್ತು ನಿಮಿಷ. ಕೊನೆಯಲ್ಲಿ ಒಂದು ಮೆಸೇಜು: ‘ಅಕ್ಕ ನಾನು ಕೊಟ್ಟಿಗೆಹಾರದಲ್ಲಿ ಇದ್ದೇನೆ. ನೆಟ್ ಉಂಟು. ಒಟಿಪಿ ನಿಮಗೆ ಬರ್ತಾ ಉಂಟು. ದಯವಿಟ್ಟು ಫೋನ್ ತೆಗೀರಿ.’

ನೆಟ್ ನಿಲ್ಲಿಸಿದವರ ಬಾಗಿಲಲ್ಲಿ ನಾನು ಬೆಳಗಿಡೀ ಕುಳಿತಿದ್ದೆ. ಅದೇ ಹೊತ್ತಿಗೆ ನೆಟ್ ಇರುವ ಜಾಗವನ್ನು ಹುಡುಕಿಕೊಂಡು ಹೋದ ಹುಡುಗಿಯನ್ನು ನನ್ನ ಡ್ರಾಯರು ತಡೆದು ನಿಲ್ಲಿಸಿತ್ತು. ಆ ನಂಬರಿಗೆ ಫೋನ್ ಮಾಡಿದರೆ ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ ಎಂಬ ಉತ್ತರ. ಘಾಟಿಯಲ್ಲಿ ಇಳಿಯುತ್ತಿರಬೇಕು. ಮತ್ತೆ ಮತ್ತೆ ಮಾಡಿದೆ. ಊಟದ ಡಬ್ಬಿ ಹಾಗೆಯೇ ಉಳಿಯಿತು.

ಎರಡೂವರೆಯ ಬಸ್ಸಿನಿಂದ ಅವಳು ಇಳಿದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು, ತಬ್ಬಿಕೊಂಡು ಸಮಾಧಾನ ಹೇಳಬಹುದಿತ್ತು.

“ಆರು ಸಲ ಕಳಿಸಿದೆ ಅಕ್ಕ. ಅಲ್ಲಿ ದೋಸೆ ಹೋಟೆಲಿನ ಹೊರಗೆ ನಿಂತು ಎಲ್ಲರೂ ಅವರವರ ಕೆಲಸ ಮಾಡ್ಕೊಂಡು ಹೋದ್ರು. ನನ್ನದು ಮಾತ್ರ ಆಗ್ಲಿಲ್ಲ. ನಿಮ್ಮನ್ನೇ ಕರ್ಕೊಂಡು ಹೋಗುವ ಅಂತ ಬಂದೆ.”

“ತಪ್ಪು ನನ್ನದು,” ಎಂದೆ. ನನ್ನ ಬಾಯಲ್ಲಿ ಸುಲಭಕ್ಕೆ ಬರುವ ಮಾತಲ್ಲ ಅದು. ಅರ್ಜಿಯ ಮೇಲಿನ ಮೊಹರನ್ನು ಅವಳಿಗೆ ತೋರಿಸಬೇಕೆಂದು ದಾರಿಯಿಡೀ ಯೋಚಿಸಿಕೊಂಡು ಬಂದಿದ್ದೆ. ತೋರಿಸಲಿಲ್ಲ.

ಇನ್ನು ಘಟ್ಟ ಹತ್ತುವಷ್ಟು ಹೊತ್ತಿಲ್ಲ. ಆದರೆ ಗಡಿ ಒಂದೇ ಕಡೆ ಇಲ್ಲವಲ್ಲ. ಹಿಂದಿನ ರಾತ್ರಿ ಮೂಡುಬಿದಿರೆಯಿಂದ ನನ್ನ ಸ್ವಂತ ಅಕ್ಕ ಫೋನ್ ಮಾಡಿದಾಗ, ಅಲ್ಲಿಯ ಹಾಸ್ಟೆಲ್ ಮಕ್ಕಳೆಲ್ಲ ಬೆಳುವಾಯಿ ದಾಟಿ ಕಾರ್ಕಳದ ಕಡೆ ಹೋಗಿ ನೆಟ್ ನೋಡಿ ಬರುತ್ತಿದ್ದಾರೆ ಎಂದು ನಕ್ಕಿದ್ದಳು. ನಮಗೆ ಹತ್ತಿರದ್ದು ನಾರಾವಿ. ಅದನ್ನು ದಾಟಿದರೆ ಉಡುಪಿ ಜಿಲ್ಲೆ. ಕೆಳಗೆ ಇಳಿದು ಗುರುತಿನ ಆಟೋದವರನ್ನು ಕರೆದೆ. ಕಳ್ಳರ ಹಾಗೆ ಗಡಿ ದಾಟುವುದಾ ಎಂದು ಬೆಳಿಗ್ಗೆ ಭಾಷಣ ಮಾಡಿದವಳು ಮಧ್ಯಾಹ್ನ ಆಟೋದಲ್ಲಿ ಮುಂದೆ ಬಾಗಿ ಕುಳಿತು “ಸ್ವಲ್ಪ ಬೇಗ ಹೋಗುವ ಮಾರಾಯ್ರೆ” ಎಂದು ಅವಸರಪಡಿಸುತ್ತಿದ್ದೆ.

ಗುರುವಾಯನಕೆರೆಯಲ್ಲಿ ಪೊಲೀಸರು ಅಡ್ಡಗಟ್ಟಿದರು.

“ಎಲ್ಲಿಗೆ?”

“ನೆಟ್ಟಿಗೆ,” ಎಂದೆ. ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ.

ಕೇಳಿದ ಪೊಲೀಸ್ ಆಟೋದೊಳಗೆ ಬಗ್ಗಿದ. ಹುಡುಗಿಯ ಕೈಯಲ್ಲಿದ್ದ ಫೈಲನ್ನು ನೋಡಿದ, ಅವಳ ತಲೆವಸ್ತ್ರವನ್ನು ನೋಡಿದ, ನನ್ನ ಕುಂಕುಮವನ್ನು ನೋಡಿದ. ಇಂಥ ದಿನ ಇವರಿಬ್ಬರು ಒಂದೇ ಆಟೋದಲ್ಲಿ ಎಲ್ಲಿಗೆ ಎಂದು ಲೆಕ್ಕ ಹಾಕುತ್ತಿದ್ದ. ಕೊನೆಗೆ “ಕಾಲೇಜಿನದ್ದಾ? ಹೋಗಿ, ಹೋಗಿ. ನನ್ನ ಮಗಳದ್ದೂ ಬಾಕಿ ಉಂಟು,” ಎಂದು ಬ್ಯಾರಿಕೇಡ್ ಎಳೆದ. ಅವನ ಮುಖದಲ್ಲಿ ಅಧಿಕಾರಕ್ಕಿಂತ ಆಯಾಸವೇ ಹೆಚ್ಚಿತ್ತು.

ಅಳದಂಗಡಿ ಕಳೆದು ನಾರಾವಿ ಬಂತು. ನಾರಾವಿ ದಾಟಿ ಸ್ವಲ್ಪ ಮುಂದೆ ಹೋಗುವಷ್ಟರಲ್ಲಿ ನನ್ನ ಮೊಬೈಲಿನೊಳಗೆ ಜೇನು ಎದ್ದ ಹಾಗಾಯಿತು. ಒಂದು ದಿನದ ವಾಟ್ಸಾಪೆಲ್ಲ ಒಟ್ಟಿಗೆ ಬಂದು ಬಿತ್ತು. ರಸ್ತೆಯ ಪಕ್ಕ ಬೈಕು, ಜೀಪು, ಕಾರುಗಳ ಸಾಲು. ನಮ್ಮ ತಾಲೂಕಿನವರೇ ಐವತ್ತು ಅರುವತ್ತು ಜನ ತಲೆ ತಗ್ಗಿಸಿ ನಿಂತಿದ್ದರು. ಅರ್ಧ ಮೈಲಿ ಹಿಂದೆ ಐದು ಜನ ಸೇರಿದರೆ ಶಾಂತಿಗೆ ಭಂಗ, ಇಲ್ಲಿ ಅರುವತ್ತು ಜನ ಸೇರಿದರೂ ಒಬ್ಬರಿಗೊಬ್ಬರು ಚಾರ್ಜರ್ ಕೊಟ್ಟುಕೊಂಡು ಪರಮ ಶಾಂತಿಯಲ್ಲಿದ್ದರು. ಬಂಟ್ವಾಳದ ಹತ್ತು ಅಂಗಡಿಗಳಿಗೆ ಬೆಂಕಿ ಬಿದ್ದಿಲ್ಲ ಎಂಬುದೂ ನಮಗೆ ಗೊತ್ತಾದದ್ದು ಅಲ್ಲಿಯೇ.

ಬಸ್ಸು ತಂಗುದಾಣದ ಕಟ್ಟೆಯ ಮೇಲೆ ಕುಳಿತೆವು. ಗಂಟೆ ನಾಲ್ಕು ಹತ್ತು. ನಾನು ಅವಳ ಕೈಯಿಂದ ಮೊಬೈಲ್ ತೆಗೆದುಕೊಳ್ಳಲು ಕೈ ಚಾಚಿದೆ. ಫಾರ್ಮ್ ತುಂಬಿಸುವುದು ನನ್ನ ಕೆಲಸವಲ್ಲವೇ! ಅವಳು ಕೊಡಲಿಲ್ಲ. ಆಗಲೇ ನಾನು ಸರಿಯಾಗಿ ನೋಡಿದ್ದು, ಅದು ಯಾರದೋ ಎರವಲು ಮೊಬೈಲಲ್ಲ, ಅವಳದ್ದೇ. ಪಿಯುಸಿಗೆ ಸೇರುವಾಗ ತಂದೆ ಕೊಟ್ಟು ಕಳಿಸಿದ್ದಂತೆ. ಎರಡು ವರ್ಷದಿಂದ ಅವಳದ್ದೇ ಒಂದು ನಂಬರು ಇತ್ತು. ಈ ಫಾರ್ಮಿನ ಮೊದಲ ಪುಟ ತುಂಬಿಸುವಾಗ ತಾಯಿ “ಅಕ್ಕನದ್ದೇ ಹಾಕಿ” ಎಂದಿದ್ದರು, ನಾನು ಹಾಕಿದ್ದೆ. ಹತ್ತಿರವೇ ಕುಳಿತಿದ್ದ ಹುಡುಗಿಯನ್ನು ಇಬ್ಬರೂ ಕೇಳಿರಲಿಲ್ಲ.

ಒಳಗೆ ಹೋಗುವ ಒಟಿಪಿ ಬಂತು, ಓದಿ ಹೇಳಿದೆ. ಪುಟ ತೆರೆಯಿತು. ಅವಳ ಬೆರಳು ಸರಸರ ಓಡಿತು. ನಾನು ಪಕ್ಕದಿಂದ ಇಣುಕಿದೆ. ಮೊದಲು ಮೈಸೂರು. ಎರಡನೆಯದು ಹುಬ್ಬಳ್ಳಿ. ಮೂರನೆಯದು ಬೆಂಗಳೂರು. ಮಂಗಳೂರಿನದ್ದು ಕೆಳಗೆಲ್ಲೋ ಇತ್ತು.

“ಮಂಗಳೂರು ಮೊದಲು ಹಾಕು ಮಗಳೇ. ಮನೆಗೆ ಹತ್ತಿರ. ಬೆಳಿಗ್ಗೆ ಹೋಗಿ ಸಂಜೆ ಬರ್ಬಹುದು.”

“ಇಲ್ಲ ಅಕ್ಕ. ಮೈಸೂರಿನದ್ದು ದೊಡ್ಡ ಆಸ್ಪತ್ರೆ. ನಾನು ನೋಡಿ ಇಟ್ಟಿದ್ದೇನೆ.”

“ಅಮ್ಮನಿಗೆ ಗೊತ್ತುಂಟಾ?”

“ಗೊತ್ತುಂಟು. ಅಪ್ಪನಿಗೂ ಗೊತ್ತುಂಟು.”

ಅವಳು ಕೊನೆಯ ಗುಂಡಿ ಒತ್ತಿದಳು. ನನ್ನ ಮೊಬೈಲು ಟಣ್ ಎಂದಿತು. ಖಚಿತಪಡಿಸುವ ಒಟಿಪಿ. ಆರು ಅಂಕಿ ನನ್ನ ಕಣ್ಣೆದುರಿಗಿದ್ದವು.

ನಾನು ಹೇಳಲಿಲ್ಲ.

ಎಷ್ಟು ಹೊತ್ತು? ಒಂದು ನಿಮಿಷವೂ ಇರಲಿಕ್ಕಿಲ್ಲ. ಆದರೆ ಆ ಒಂದು ನಿಮಿಷದಲ್ಲಿ ನನ್ನ ತಲೆಯಲ್ಲಿ ಓಡಿದ್ದೆಲ್ಲ ಇಂದಿಗೂ ನೆನಪಿದೆ. ಹುಡುಗಿ ಚಿಕ್ಕವಳು, ದೂರದ ಊರು, ಕಾಲ ಚೆನ್ನಾಗಿಲ್ಲ. ತಾಯಿ ನಿಜಕ್ಕೂ ಒಪ್ಪಿದ್ದಾರೋ ಇಲ್ಲವೋ, ಒಮ್ಮೆ ಫೋನ್ ಮಾಡಿ ಕೇಳಿದರೆ ಒಳ್ಳೆಯದಲ್ಲವೇ, ಇನ್ನೂ ಅರ್ಧ ಗಂಟೆ ಇದೆಯಲ್ಲ. ಸ್ವಲ್ಪ ಹೊತ್ತು ತಡೆದರೆ ತಪ್ಪೇನು, ಅವಳ ಒಳ್ಳೆಯದಕ್ಕೇ ಅಲ್ಲವೇ. ಎಲ್ಲವೂ ಒಳ್ಳೆಯ ಮಾತುಗಳೇ. ಕೆಟ್ಟ ಮನಸ್ಸಿನಿಂದ ಒಂದು ಅಕ್ಷರವೂ ಬಂದಿರಲಿಲ್ಲ.

ಹುಡುಗಿ ತಲೆ ಎತ್ತಿ ನೋಡಿದಳು. ನನ್ನ ಮೊಬೈಲು ಟಣ್ ಎಂದದ್ದು ಅವಳಿಗೂ ಕೇಳಿತ್ತು.

“ಬಂತಲ್ಲ ಅಕ್ಕ,” ಎಂದಳು. “ಹೇಳಿ.”

ಸ್ವರದಲ್ಲಿ ಸಿಟ್ಟಿರಲಿಲ್ಲ, ಬೇಡಿಕೆಯೂ ಇರಲಿಲ್ಲ. ನನಗೆ ಮುಖದ ಮೇಲೆ ಬಿಸಿನೀರು ಸುರಿದಂತಾಯಿತು. ಬೆಳಿಗ್ಗೆಯಿಂದ ನಾನು ಬೈಯುತ್ತಿದ್ದವರೂ ಹೀಗೆಯೇ ಒಳ್ಳೆಯ ಮಾತುಗಳನ್ನು ಆಡಿಕೊಂಡೇ ಕೈ ಸ್ವಿಚ್ಚಿನ ಮೇಲೆ ಇಟ್ಟಿರಬೇಕು. ಅವರನ್ನು ನಾನು ಈಗಲೂ ಕ್ಷಮಿಸುವುದಿಲ್ಲ. ಆದರೆ ಅಷ್ಟು ಹತ್ತಿರದಿಂದ ಅವರನ್ನು ಅದುವರೆಗೆ ನೋಡಿರಲಿಲ್ಲ.

ಅಂಕಿಗಳನ್ನು ಒಂದೊಂದಾಗಿ ಓದಿದೆ. ಅವಳು ಒತ್ತಿದಳು. ಪುಟ ಹಸಿರಾಯಿತು. ಅವಳು ಉಸಿರು ಬಿಟ್ಟಳು, ನಾನೂ ಬಿಟ್ಟೆ. ಆಟೋದವರು ದೂರದಿಂದಲೇ ಕೈ ಎತ್ತಿ ‘ಆಯ್ತಾ’ ಎಂದು ಸನ್ನೆ ಮಾಡಿದರು. ಆಯ್ತು ಎಂದು ನಾನು ಏಳಲು ಹೊರಟೆ.

“ಒಂದು ನಿಮಿಷ ಅಕ್ಕ. ಇನ್ನೊಂದು ಒಟಿಪಿ ಬರ್ತದೆ,” ಎಂದಳು.

“ಅದೆಂತದಕ್ಕೆ?”

“ನಂಬರ್ ಬದಲಾಯಿಸ್ಲಿಕ್ಕೆ. ನನ್ನದು ಹಾಕ್ತೇನೆ.”

ಟಣ್ ಎಂದಿತು. ಈ ಸಲ ತಡಮಾಡದೆ ಓದಿದೆ. ಅವಳ ಮೊಬೈಲು ಮೊದಲ ಸಲ ಸದ್ದು ಮಾಡಿತು. ಅವಳು ಅದನ್ನು ಓದಿ, ನಕ್ಕು, ಜೋಪಾನವಾಗಿ ಫೈಲಿನ ಜೊತೆ ಚೀಲದೊಳಗೆ ಇಟ್ಟುಕೊಂಡಳು.

ನನಗೂ ಒಂದು ಸಂದೇಶ ಬಂದಿತ್ತು. ಈ ಖಾತೆಯಿಂದ ನಿಮ್ಮ ಸಂಖ್ಯೆಯನ್ನು ತೆಗೆದುಹಾಕಲಾಗಿದೆ, ಇದು ನೀವು ಮಾಡಿದ್ದಲ್ಲವಾದರೆ ಕೂಡಲೇ ನಮ್ಮನ್ನು ಸಂಪರ್ಕಿಸಿ ಎಂದಿತ್ತು.

ಅದನ್ನು ಮಾಡಿದ್ದು ನಾನಲ್ಲ. ಯಾರನ್ನೂ ಸಂಪರ್ಕಿಸಲಿಲ್ಲ.